ಕಲ್ಲುಗಿಡಗಳ ಬೇಸಾಯವೂ ಪೋಷಣೆಯೂ

ಜಮೀನುದಾರರೂ ಪಟೇಲರೂ ಮೊದಲೇ ತಿಳಿಯತಕ್ಕದ್ದೇನೆಂದರೆ, ಇಲ್ಲಿ ಹೇಳುವ ಗಿಡವು ಮನುಷ್ಯನಿಗೆ ಅನ್ನವನ್ನಾಗಲಿ ದನಕ್ಕೆ ಮೇವನ್ನಾಗಲಿ ಕೊಡುವಂಥದಲ್ಲ. ಅಂದಕ್ಕಾಗಿ ಕುಂಡದಲ್ಲಿ ಸಾಕತಕ್ಕದ್ದು. ಪಟ್ಟಣಗಳಲ್ಲಿ ಇದಕ್ಕೆ ಬೆಲೆಯುಂಟು. ಆದರೆ ಬೆಲೆ ಕೊಟ್ಟು ತಂದವರಲ್ಲಿ ಅನೇಕರು ಒಂದು ವರ್ಷ ತುಂಬುವುದರೊಳಗೆ ಅದನ್ನು ಕೊಳೆಯಿಸಿಬಿಡುವರು.

ಈ ಗಿಡದ ಹೆಸರು ಲಿಥಾಪ್ಸ್. ಗ್ರೀಕ್ ಭಾಷೆಯಲ್ಲಿ ಕಲ್ಲಿನ ಮುಖವುಳ್ಳದ್ದೆಂದು ಅರ್ಥ. ದಕ್ಷಿಣ ಆಫ್ರಿಕ ಮತ್ತು ನಮೀಬಿಯ ದೇಶಗಳ ಒಣನೆಲವು ಇದರ ತವರು. 1811ರಲ್ಲಿ ಬರ್ಚೆಲ್ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞನು ಅಲ್ಲಿ ವಿಚಿತ್ರಾಕಾರದ ಕಲ್ಲೆಂದೆಣಿಸಿ ಒಂದನ್ನು ಕೈಗೆತ್ತಿಕೊಳ್ಳಲಾಗಿ, ಅದು ಗಿಡವಾಗಿದ್ದಿತು. ಒಂದು ತಲೆಗೆ ಎರಡೇ ಎಲೆಗಳು. ಅವು ನೀರು ತುಂಬಿ ದಪ್ಪವಾಗಿ, ನಡುವಣ ಸೀಳೊಂದನ್ನು ಬಿಟ್ಟು ಒಂದಕ್ಕೊಂದು ಕೂಡಿಕೊಂಡಿರುವುವು. ತವರಿನಲ್ಲಿ ನೆತ್ತಿ ಮಾತ್ರ ನೆಲದ ಮೇಲೆ ಕಾಣುವುದು. ಆ ನೆತ್ತಿಯ ಪಾರದರ್ಶಕ ಭಾಗದ ಮೂಲಕ ಬೆಳಕು ಒಳಕ್ಕಿಳಿಯುವುದು.

ಹಿಂಗಾರಿನ ಕಾಲದಲ್ಲಿ ಸೀಳಿನಿಂದ ಹಳದಿ ಅಥವಾ ಬಿಳಿ ಹೂವೊಂದು ಬರುವುದು. ಹೂ ಬಾಡಿದ ಮೇಲೆ ಹಳೆಯ ಎಲೆಗಳ ಒಳಗೇ ಹೊಸ ಜೋಡಿ ಹುಟ್ಟಿ, ಹಳೆಯದರ ನೀರನ್ನೇ ಕುಡಿದು ಬೆಳೆಯುವುದು. ಹಳೆಯದು ಸುಕ್ಕಿ, ಕಡೆಗೆ ಕಾಗದದಂಥ ಸಿಪ್ಪೆಯಾಗುವುದು. ಈ ಅವಧಿಯಲ್ಲಿ ನೀರೆರೆದರೆ ಹಳೆಯ ಎಲೆ ಒಣಗದೆ ಹೊಸದನ್ನು ಹಿಸುಕುವುದು, ಇಲ್ಲವೆ ಬುಡವೇ ಕೊಳೆಯುವುದು. ಈ ಲೇಖಕನೂ ಒಮ್ಮೆ ಪುಷ್ಯಮಾಸದಲ್ಲಿ ಸುಕ್ಕಿದ ಗಿಡಗಳನ್ನು ಕಂಡು ಮರುಗಿ ನೀರು ಹಾಕಿ, ಹದಿನೈದು ದಿವಸಗಳಲ್ಲಿ ಆರು ಗಿಡಗಳನ್ನು ಕಳೆದುಕೊಂಡನು. ನಮ್ಮ ತೋಟಗಳಲ್ಲಿ ಬಾಡಿದ ಗಿಡವು ನೀರು ಬೇಡುವುದು, ಇದು ಹಾಗಲ್ಲ.

ಆದುದರಿಂದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಎರಡು ಮೂರು ವಾರಗಳಿಗೊಮ್ಮೆ ತಳದ ತೂತಿನಿಂದ ಹರಿಯುವಂತೆ ನೀರು ಹಾಕಿ, ಡಿಸೆಂಬರ್ ಮೊದಲ್ಗೊಂಡು ಹಳೆಯ ಎಲೆ ಪೂರ್ತಿ ಒಣಗುವವರೆಗೆ ನಿಲ್ಲಿಸತಕ್ಕದ್ದು. ಆಮೇಲೆ ಮಿತವಾಗಿ ಕೊಡಬಹುದು. ಬಿದಿರುಕಡ್ಡಿಯನ್ನು ಎರಡಂಗುಲ ಚುಚ್ಚಿ, ಒಣಗಿ ಬಂದರೆ ಮಾತ್ರ ನೀರು. ಕಡುಬೇಸಗೆಯಲ್ಲಿ ಗಿಡವು ನಿದ್ರಿಸುವುದರಿಂದ ತೀರ ಕುಗ್ಗಿದಲ್ಲಿ ಸಂಜೆ ಸ್ವಲ್ಪ ಕೊಟ್ಟರೆ ಸಾಕು. ಮಳೆಗಾಲದಲ್ಲಿ ಬೆಳಕೂ ಗಾಳಿಯೂ ಇರುವ ಮಾಡಿನ ಕೆಳಗೆ ಇಡತಕ್ಕದ್ದು. ಸೋನೆಮಳೆ ಇದಕ್ಕೆ ಮೃತ್ಯು. ಮಲೆನಾಡಿನವರು ಈ ಗೊಡವೆಗೆ ಹೋಗದಿರುವುದೇ ಲೇಸು.

ಮಣ್ಣಿಗೆ ಮೂರು ಪಾಲು ದಪ್ಪಮರಳು ಅಥವಾ ಜಲ್ಲಿಚೂರು, ಒಂದು ಪಾಲು ಕೆಮ್ಮಣ್ಣು. ಸಗಣಿಗೊಬ್ಬರ ಬೇಡ. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಕುಂಡವು ಐದಂಗುಲವಾದರೂ ಆಳವಿರಬೇಕು. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳಲಿ. ಚೈತ್ರ ವೈಶಾಖಗಳ ಮಧ್ಯಾಹ್ನ ನೆರಳು ಮಾಡಿರಿ. ಬೇರಿನಲ್ಲಿ ಬಿಳಿಯ ಹಿಟ್ಟುತಿಗಣೆ ಕಂಡರೆ ಗಿಡವನ್ನು ಕಿತ್ತು ಬೇರು ತೊಳೆದು, ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡತಕ್ಕದ್ದು.

ಗಿಡಗಳನ್ನು ಬೀಜದಿಂದಲೇ ಬೆಳೆಸುವುದು ಯುಕ್ತ. 2019ರಿಂದೀಚೆಗೆ ದಕ್ಷಿಣ ಆಫ್ರಿಕದಲ್ಲಿ ಇದೇ ವಂಶದ ಕೋನೋಫೈಟಮ್ ಎಂಬ ಪುಟ್ಟ ಗಿಡಗಳನ್ನು ಕಳ್ಳರು ಕಾಡಿನಿಂದ ಲಕ್ಷಗಟ್ಟಲೆ ಕಿತ್ತು ಪರದೇಶಗಳಿಗೆ ಸಾಗಿಸಿದ್ದಾರೆ. ಒಂದೇ ದಿಣ್ಣೆಯ ಮೇಲೆ ಬೆಳೆಯುವ ಜಾತಿಯನ್ನು ಒಮ್ಮೆ ಕಿತ್ತರೆ ಮತ್ತೆಲ್ಲಿಂದ ತರುವುದು? ಬೇರಿಗೆ ಕಾಡಿನ ಮಣ್ಣು ಮೆತ್ತಿ, ಮೈ ಗಾಯಗೊಂಡ ಮುದಿಗಿಡವನ್ನು ಅಗ್ಗವೆಂದು ಕೊಳ್ಳಬೇಡಿರಿ.

ಬೀಜವು ಧೂಳಿನಂತೆ ಸಣ್ಣದು. ಮಳೆ ನಿಂತ ಮೇಲೆ ನುಣುಪಾದ ಮರಳಿನ ಮೇಲೆ ಉದುರಿಸಿ, ಮಣ್ಣು ಮುಚ್ಚದೆ, ಗಾಜಿನ ಹಲಗೆ ಹೊದಿಸಿ, ತೇವ ಆರದಂತೆ ನೋಡಿಕೊಂಡರೆ ಒಂದೆರಡು ವಾರಗಳಲ್ಲಿ ಮೊಳೆಯುವುದು. ಹೂವಿಗೆ ಮೂರು ವರ್ಷವಾದರೂ ಕಾಯಬೇಕು. ಬೀಜ ಕಟ್ಟಲು ಸಾಮಾನ್ಯವಾಗಿ ಎರಡು ಬೇರೆ ಗಿಡಗಳ ಹೂಗಳು ಬೇಕು. ಒಣಗಿದ ಕಾಯಿಗೆ ಒಂದು ತೊಟ್ಟು ನೀರು ಬಿಟ್ಟರೆ ಅದು ತಾನಾಗಿ ಬಿರಿಯುವುದು; ಆಗ ಬೀಜವನ್ನು ತೊಳೆದು ತೆಗೆದು ನೆರಳಿನಲ್ಲಿ ಒಣಗಿಸಿರಿ.