ಟೈಲ್ಸ್ ನೆಲದಡಿಯ ವಿದ್ಯುತ್ ಕಾವು: ಆಯ್ಕೆ ಮತ್ತು ಖರ್ಚು

ಬ್ರಿಟನ್ನಿನ ಮನೆಗಳಲ್ಲಿ ಟೈಲ್ಸ್ ನೆಲವನ್ನು ಬೆಚ್ಚಗಿಡಲು ಎರಡು ದಾರಿಗಳಿವೆ. ಒಂದು, ಬಾಯ್ಲರ್ ಅಥವಾ ಹೀಟ್ ಪಂಪ್ ಕಾಯಿಸಿದ ನೀರನ್ನು ನೆಲದಡಿಯ ಪೈಪುಗಳಲ್ಲಿ ಹರಿಸುವುದು. ಇನ್ನೊಂದು, ಟೈಲ್ಸ್ ಅಂಟಿಸುವ ಗಾರೆಯಲ್ಲೇ ತೆಳುವಾದ ವಿದ್ಯುತ್ ಕೇಬಲ್ ಹುದುಗಿಸುವುದು. ಪೈಪಿನ ವ್ಯವಸ್ಥೆಗೆ ಹಾಕಿಸುವಾಗ ಖರ್ಚು ಹೆಚ್ಚು, ನಡೆಸುವಾಗ ಕಡಿಮೆ. ಕೇಬಲ್ಲಿನದು ಇದಕ್ಕೆ ತದ್ವಿರುದ್ಧ. ಬ್ರಿಟನ್ನಿನಲ್ಲಿ ವಿದ್ಯುತ್ತಿನ ಯೂನಿಟ್ ದರ ಗ್ಯಾಸಿನ ದರದ ಸುಮಾರು ನಾಲ್ಕು ಪಟ್ಟು ಇರುವುದರಿಂದ, ವಿದ್ಯುತ್ ನೆಲ ಲೆಕ್ಕಕ್ಕೆ ಕೂಡಿಬರುವುದು ಚಿಕ್ಕ ಕೋಣೆಗೆ, ಅದೂ ದಿನಕ್ಕೆ ಕೆಲವೇ ಗಂಟೆ ಬಳಸುವ ಕೋಣೆಗೆ ಮಾತ್ರ. ಈ ಎರಡು ಷರತ್ತಿಗೆ ಸರಿಯಾಗಿ ಹೊಂದುವುದು ಸ್ನಾನದ ಕೋಣೆ. ಮನೆಯೊಳಗೆ ಬರಿಗಾಲಲ್ಲಿ ಓಡಾಡಿ ರೂಢಿಯಾದ ಕನ್ನಡ ಕುಟುಂಬಗಳಿಗೆ ಜನವರಿಯ ಬೆಳಗ್ಗೆ ಕೊರೆಯುವ ಟೈಲ್ಸ್ ಮೇಲೆ ಕಾಲಿಡುವುದು ನಿಜಕ್ಕೂ ಕಷ್ಟ. ಆ ಕಷ್ಟ ಕಳೆಯಲು ಎಷ್ಟು ಹಣ ಬೇಕು ಎಂಬುದನ್ನು ಮೊದಲೇ ಕೂಡಿಸಿ ನೋಡಬಹುದು.

ಈ ಅಂಕಣಕಾರರ ಮನೆಯ ಸ್ನಾನದ ಕೋಣೆಯನ್ನೇ ಉದಾಹರಣೆಗೆ ತೆಗೆದುಕೊಂಡರೆ, ಅದರ ನೆಲ 4.6 ಚದರ ಮೀಟರ್. ಟಬ್, ಕಮೋಡ್ ಮತ್ತು ಬೇಸಿನ್ ಕಪಾಟಿನ ಜಾಗ ಕಳೆದರೆ ಕಾಲಿಡಲು ಉಳಿಯುವುದು ಸುಮಾರು 2.7 ಚದರ ಮೀಟರ್. ಕೊಂಡದ್ದು 2.5 ಚದರ ಮೀಟರಿನ ಕೇಬಲ್ ಮ್ಯಾಟ್. ಮ್ಯಾಟ್ ಯಾವಾಗಲೂ ಖಾಲಿ ಜಾಗಕ್ಕಿಂತ ಒಂದಿಷ್ಟು ಚಿಕ್ಕದಿರಬೇಕು, ಏಕೆಂದರೆ ಕೇಬಲ್ಲನ್ನು ಕತ್ತರಿಸುವಂತಿಲ್ಲ, ಒಂದರ ಮೇಲೊಂದು ಹಾಯಿಸುವಂತೆಯೂ ಇಲ್ಲ. ಚದರ ಮೀಟರಿಗೆ 150 ವ್ಯಾಟಿನಂತೆ ಇದರ ಒಟ್ಟು ಸಾಮರ್ಥ್ಯ 375 ವ್ಯಾಟ್. ದಿನಕ್ಕೆ ಮೂರು ಗಂಟೆ ಎಡೆಬಿಡದೆ ಉರಿದರೂ ಆಗುವುದು 1.125 ಯೂನಿಟ್. ಯೂನಿಟ್ಟಿಗೆ 25 ಪೆನ್ಸ್ ಎಂದು ಹಿಡಿದರೆ ದಿನಕ್ಕೆ 28 ಪೆನ್ಸ್, ಚಳಿಗಾಲದ 180 ದಿನಕ್ಕೆ ಸುಮಾರು 51 ಪೌಂಡ್. ಇದು ಮೇಲ್ಮಿತಿ. ನೆಲ ಕಾದ ಮೇಲೆ ಥರ್ಮೋಸ್ಟಾಟ್ ಆಗಾಗ ಕರೆಂಟ್ ಕಡಿಯುವುದರಿಂದ ನಿಜವಾದ ಬಿಲ್ ಇದಕ್ಕಿಂತ ಕಡಿಮೆ ಬರುತ್ತದೆ.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಬಲೆಗೆ ಕೇಬಲ್ ಹೊಂದಿಸಿದ ಮ್ಯಾಟ್ ಆಯತಾಕಾರದ ಜಾಗಕ್ಕೆ ಸರಿ; ತಿರುವು ಬಂದಲ್ಲಿ ಬಲೆಯನ್ನಷ್ಟೇ ಕತ್ತರಿಸಿ ತಿರುಗಿಸಬಹುದು. ಮೂಲೆ, ಸಂದು ಹೆಚ್ಚಿದ್ದರೆ ಬಿಡಿ ಕೇಬಲ್ ಅನುಕೂಲ. ಅಲ್ಯೂಮಿನಿಯಂ ಹಾಳೆಯ ಮ್ಯಾಟ್ ಮರದ ಮತ್ತು ಲ್ಯಾಮಿನೇಟ್ ನೆಲಕ್ಕೆ ಮಾಡಿದ್ದು, ಟೈಲ್ಸಿಗಲ್ಲ. ಚದರ ಮೀಟರಿಗೆ 200 ವ್ಯಾಟಿನ ಮ್ಯಾಟ್ ಬೇಕಾಗುವುದು ಗಾಜಿನ ಗೋಡೆಯ ಕನ್ಸರ್ವೇಟರಿಯಂಥ, ಶಾಖ ಬೇಗ ಸೋರಿಹೋಗುವ ಕೋಣೆಗಳಿಗೆ.

ಬಿಲ್ಲನ್ನು ತೀರ್ಮಾನಿಸುವುದು ಮ್ಯಾಟಿನ ಕೆಳಗೆ ಏನಿದೆ ಎಂಬುದು. ಕಾಂಕ್ರೀಟಿನ ಮೇಲೆ ನೇರವಾಗಿ ಹಾಸಿದರೆ ಶಾಖದ ದೊಡ್ಡ ಪಾಲು ಕೆಳಗಿಳಿದು ಹೋಗುತ್ತದೆ. ಆ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಟೈಲ್ಸ್ ಬೆಚ್ಚಗಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಸಿಮೆಂಟ್ ಲೇಪಿಸಿದ 10 ಮಿಲಿಮೀಟರ್ ದಪ್ಪದ ಫೋಮ್ ಬೋರ್ಡ್ ಮೊದಲು ಅಂಟಿಸಿದರೆ ಅದೇ ನೆಲ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೆಚ್ಚಗಾಗುತ್ತದೆ. ದುಬಾರಿ ಮ್ಯಾಟಿಗೆ ಹಾಕುವ ಹಣವನ್ನು ಈ ಬೋರ್ಡಿಗೆ ಹಾಕುವುದು ಜಾಣತನ. ಬಾಗಿಲ ಬಳಿ ನೆಲ ಎಷ್ಟು ಏರುತ್ತದೆ ಎಂಬುದನ್ನು ಬೋರ್ಡ್, ಗಾರೆ, ಟೈಲ್ಸ್ ಮೂರನ್ನೂ ಸೇರಿಸಿ ಅಳೆದುಕೊಳ್ಳಬೇಕು.

ಎರಡನೆಯ ಉಳಿತಾಯ ಟೈಮರ್ ಇರುವ ಥರ್ಮೋಸ್ಟಾಟಿನದು. ಅದರ ಸೆನ್ಸರ್ ಎರಡು ಕೇಬಲ್ ಸಾಲುಗಳ ನಡುವೆ, ಕೊಳವೆಯೊಳಗೆ ಇರಬೇಕು. ಕೆಟ್ಟರೆ ಟೈಲ್ಸ್ ಒಡೆಯದೆ ಎಳೆದು ಬದಲಿಸಬಹುದು. ಎದ್ದೇಳುವ ಅರ್ಧ ಗಂಟೆ ಮುಂಚೆ ಚಾಲೂ ಆಗುವಂತೆ ಹೊಂದಿಸಿದರೆ ಸಾಕು. ರಾತ್ರಿಯಲ್ಲಿ ಏಳು ತಾಸು ಅಗ್ಗದ ದರ ಕೊಡುವ ಎಕಾನಮಿ 7 ಯೋಜನೆಯಿಂದ ಇಲ್ಲಿ ಹೆಚ್ಚಿನ ಲಾಭವಿಲ್ಲ. ಬೋರ್ಡಿನ ಮೇಲಿನ ತೆಳು ಟೈಲ್ಸ್ ರಾತ್ರಿಯ ಕಾವನ್ನು ಸಂಜೆಯವರೆಗೆ ಹಿಡಿದಿಡಲಾರದು, ಹಗಲಿನ ದರವೋ ಆ ಯೋಜನೆಯಲ್ಲಿ ಹೆಚ್ಚು.

ಸುರಕ್ಷತೆಯಲ್ಲಿ ಒಂದು ಪೆನ್ನಿಯನ್ನೂ ಉಳಿಸಲು ಹೋಗಬಾರದು. ಇಂಗ್ಲೆಂಡಿನಲ್ಲಿ ಮನೆಯ ವೈರಿಂಗ್ ಕಟ್ಟಡ ನಿಯಮಗಳ ಪಾರ್ಟ್ ಪಿ ವ್ಯಾಪ್ತಿಗೆ ಬರುತ್ತದೆ, ಸ್ನಾನದ ಕೋಣೆಗೆ ಕಟ್ಟುನಿಟ್ಟು ಇನ್ನೂ ಜಾಸ್ತಿ. ವಿದ್ಯುತ್ ಸೋರಿದರೆ ಕರೆಂಟ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಡಿ ಇರಲೇಬೇಕು. ಕೊನೆಯ ಜೋಡಣೆ ಅರ್ಹ ಎಲೆಕ್ಟ್ರಿಷಿಯನ್ನಿನ ಕೆಲಸ. ಅವರು ಕೊಡುವ ಪ್ರಮಾಣಪತ್ರ ಮುಂದೆ ಮನೆ ಮಾರುವಾಗಲೂ ಬೇಕಾಗುತ್ತದೆ. ಕೇಬಲ್ಲಿನ ಪ್ರತಿರೋಧವನ್ನು ಹಾಸುವ ಮುನ್ನ, ಹಾಸಿದ ಮೇಲೆ ಮತ್ತು ಟೈಲ್ಸ್ ಕೂರಿಸಿದ ಮೇಲೆ ಅಳೆದು ಬರೆದಿಡಬೇಕು. 230 ವೋಲ್ಟಿನಲ್ಲಿ 375 ವ್ಯಾಟಿನ ಮ್ಯಾಟಿಗೆ ಮೀಟರ್ ಸುಮಾರು 141 ಓಮ್ ತೋರಿಸಬೇಕು. ಕರಣೆಯ ಅಂಚು ತಾಗಿ ಕೇಬಲ್ ತುಂಡಾಗಿದ್ದರೆ ಮೀಟರ್ ಅನಂತ ಪ್ರತಿರೋಧ ತೋರಿಸುತ್ತದೆ; ಹೊದಿಕೆ ಮಾತ್ರ ಗಾಯಗೊಂಡಿದ್ದರೆ ಮೆಗ್ಗರ್ (ವಿದ್ಯುತ್ ನಿರೋಧನ) ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಗಾರೆ ಹಸಿಯಿರುವಾಗಲೇ ತಪ್ಪು ತಿಳಿದರೆ ಕೆಲವು ಟೈಲ್ಸ್ ಎತ್ತಿದರೆ ಮುಗಿಯಿತು, ತಡವಾದರೆ ನೆಲವನ್ನೇ ಒಡೆಯಬೇಕು. ಹಾಸಿದ ಮ್ಯಾಟಿನ ಫೋಟೋವನ್ನು ಅಳತೆ ಟೇಪಿನ ಸಮೇತ ತೆಗೆದಿಟ್ಟುಕೊಂಡರೆ ಮುಂದೆ ಡ್ರಿಲ್ ಹಾಕುವವರಿಗೆ ದಾರಿ ತಿಳಿಯುತ್ತದೆ. ಗಾರೆ ಮತ್ತು ಗ್ರೌಟ್ ಎರಡೂ ಬಾಗುವ ಗುಣದವೇ ಆಗಿರಬೇಕು. ಅವು ಪೂರ್ತಿ ಒಣಗುವವರೆಗೆ, ಸಾಮಾನ್ಯವಾಗಿ ಒಂದು ವಾರಕ್ಕೂ ಹೆಚ್ಚು, ಸ್ವಿಚ್ ಹಾಕಬಾರದು.

ಈ ನೆಲ ರೇಡಿಯೇಟರಿಗೆ ಬದಲಿ ಎಂದು ನಂಬಿ ಕೊಳ್ಳುವುದು ಸರಿಯಲ್ಲ. ಕೋಣೆ 20 ಡಿಗ್ರಿ, ನೆಲ 29 ಡಿಗ್ರಿ ಇದ್ದಾಗ ಚದರ ಮೀಟರಿನಿಂದ ಹೊಮ್ಮುವುದು ಸುಮಾರು 100 ವ್ಯಾಟ್. ಮೇಲೆ ಹೇಳಿದ ಸ್ನಾನದ ಕೋಣೆಯಲ್ಲಿ ಒಟ್ಟು 250 ವ್ಯಾಟ್. ಹಳೆಯ ಮನೆಯ ಹೊರಗೋಡೆಯಿರುವ ಕೋಣೆಗೆ ಅದು ಸಾಲದು. ದೊಡ್ಡ ಅಡುಗೆಮನೆಯಲ್ಲಂತೂ ಲೆಕ್ಕವೇ ಬೇರೆ: 12 ಚದರ ಮೀಟರ್, 1,800 ವ್ಯಾಟ್, ದಿನಕ್ಕೆ ಎಂಟು ಗಂಟೆ ಎಂದರೆ 14.4 ಯೂನಿಟ್, 3.60 ಪೌಂಡ್. ಥರ್ಮೋಸ್ಟಾಟ್ ಅರ್ಧ ಹೊತ್ತು ಕಡಿದರೂ ತಿಂಗಳಿಗೆ 54 ಪೌಂಡ್ ಆಗುತ್ತದೆ. ಅಂಥಲ್ಲಿ ಪೈಪಿನ ವ್ಯವಸ್ಥೆಯ ಅಂದಾಜು ಪಟ್ಟಿ ತರಿಸಿ, ಎರಡರ ಹತ್ತು ವರ್ಷದ ಒಟ್ಟು ಖರ್ಚನ್ನು ಹೋಲಿಸಿದ ನಂತರವೇ ನಿರ್ಧರಿಸಬೇಕು.