ವಿಶ್ರಾಂತಿಯ ನಾಡಿಬಡಿತ: ‘ಸಾಮಾನ್ಯ’ ಎಂದರೆ ಎಷ್ಟು?

ತರಗತಿ: 7ರಿಂದ 10
ವಿಷಯ: ಜೀವಶಾಸ್ತ್ರ, ಆರೋಗ್ಯ ಶಿಕ್ಷಣ
ಅವಧಿ: ಎರಡು ಪಾಠಾವಧಿಗಳು
ಬೋಧನೋಪಕರಣಗಳು: ಸೆಕೆಂಡು ಮುಳ್ಳಿರುವ ಗಡಿಯಾರ, ಅಂಗಿಯ ಗುಂಡಿ, ಬೆಂಕಿಕಡ್ಡಿ, ನೋಟುಪುಸ್ತಕ

ಪೀಠಿಕೆ

ಆರೋಗ್ಯವಂತ ಮನುಷ್ಯನ ಹೃದಯವು ನಿಮಿಷಕ್ಕೆ ಎಷ್ಟು ಬಾರಿ ಬಡಿಯುತ್ತದೆ ಎಂದು ಕೇಳಿದರೆ ಪ್ರೌಢಶಾಲೆಯ ಬಹುತೇಕ ವಿದ್ಯಾರ್ಥಿಗಳು ತಡವರಿಸದೆ ‘72’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಆ ಉತ್ತರಕ್ಕೆ ಅಂಕವೂ ದೊರೆಯುತ್ತದೆ. ಆದರೆ ಅದೇ ವಿದ್ಯಾರ್ಥಿ ತನ್ನ ನಾಡಿಯನ್ನು ತಾನೇ ಎಣಿಸಿದಾಗ 72 ಬರುವುದು ವಿರಳ. 84 ಬರಬಹುದು, 94 ಬರಬಹುದು. ಆಗ ಅವನ ಮುಂದೆ ಎರಡು ದಾರಿಗಳಿರುತ್ತವೆ: ತನಗೇನೋ ಕಾಯಿಲೆ ಇದೆಯೆಂದು ಅಂಜುವುದು, ಇಲ್ಲವೆ ಎಣಿಸಿದ್ದನ್ನು ಅಳಿಸಿ 72 ಎಂದು ಬರೆಯುವುದು. ಮೊದಲನೆಯದರಿಂದ ಅಕಾರಣವಾದ ಭಯ ಹುಟ್ಟುತ್ತದೆ. ಎರಡನೆಯದರಿಂದ, ಕಣ್ಣಾರೆ ಕಂಡದ್ದಕ್ಕಿಂತ ಪುಸ್ತಕದಲ್ಲಿ ಅಚ್ಚಾದದ್ದೇ ನಿಜ ಎಂಬ ಅಭ್ಯಾಸ ಬೆಳೆಯುತ್ತದೆ. ಈ ಎರಡನ್ನೂ ತಪ್ಪಿಸುವುದು ಪ್ರಸ್ತುತ ಪಾಠದ ಗುರಿ.

ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು ತಮ್ಮ ವಿಶ್ರಾಂತಿಯ ನಾಡಿಬಡಿತವನ್ನು ಸರಿಯಾಗಿ ಎಣಿಸಬಲ್ಲವರಾಗಬೇಕು. ಅದು ಒಂದೇ ಸಂಖ್ಯೆಯಲ್ಲ, ಒಂದು ವ್ಯಾಪ್ತಿ ಎಂಬುದನ್ನು ವಿವರಿಸಬಲ್ಲವರಾಗಬೇಕು. ಯಾವಾಗ ವೈದ್ಯರ ಸಲಹೆ ಬೇಕೆಂಬುದನ್ನು ಅರಿಯಬೇಕು.

‘ಸಾಮಾನ್ಯ’ ಎಂಬ ಪದದ ಮೂರು ಅರ್ಥಗಳು

ಕನ್ನಡದಲ್ಲಿ ‘ಸಾಮಾನ್ಯ’ ಎಂಬ ಒಂದೇ ಪದವು ಮೂರು ಬೇರೆ ಬೇರೆ ಸಂಗತಿಗಳನ್ನು ಸೂಚಿಸುತ್ತದೆ. ಮೊದಲನೆಯದು ಸರಾಸರಿ, ಅನೇಕರ ಎಣಿಕೆಗಳನ್ನು ಕೂಡಿಸಿ ಭಾಗಿಸಿದಾಗ ದೊರೆಯುವ ಸಂಖ್ಯೆ. ಎರಡನೆಯದು ವಾಡಿಕೆ, ಹೆಚ್ಚು ಜನರಲ್ಲಿ ಕಂಡುಬರುವ ಸ್ಥಿತಿ. ಮೂರನೆಯದು ಆರೋಗ್ಯಕರ, ದೇಹಕ್ಕೆ ತೊಂದರೆಯಿಲ್ಲದ ಸ್ಥಿತಿ. ‘ಸಾಮಾನ್ಯ ಹೃದಯ ಬಡಿತ 72’ ಎಂಬ ವಾಕ್ಯದಲ್ಲಿ ಪುಸ್ತಕವು ಮೊದಲನೆಯ ಅರ್ಥದಲ್ಲಿ ಹೇಳಿದ್ದನ್ನು ವಿದ್ಯಾರ್ಥಿ ಮೂರನೆಯ ಅರ್ಥದಲ್ಲಿ ಗ್ರಹಿಸುತ್ತಾನೆ. ಗೊಂದಲ ಹುಟ್ಟುವುದು ಇಲ್ಲಿಯೇ. ಆದ್ದರಿಂದ ಈ ಮೂರು ಪದಗಳನ್ನು ಕಪ್ಪುಹಲಗೆಯ ಮೇಲೆ ಬೇರೆ ಬೇರೆಯಾಗಿ ಬರೆದು, ಪಾಠದುದ್ದಕ್ಕೂ ಯಾವುದರ ಬಗೆಗೆ ಮಾತನಾಡಲಾಗುತ್ತಿದೆ ಎಂಬುದನ್ನು ಸ್ಪಷ್ಟಪಡಿಸುವುದು ಒಳ್ಳೆಯದು.

ವಿಷಯ ವಿವರಣೆ

ಹೃದಯದ ಎಡ ಹೃತ್ಕುಕ್ಷಿಯು ಸಂಕುಚಿಸಿದಾಗ ರಕ್ತವು ಮಹಾಪಧಮನಿಗೆ ನುಗ್ಗುತ್ತದೆ. ಆ ಒತ್ತಡದ ಅಲೆಯು ಅಪಧಮನಿಗಳ ಗೋಡೆಯ ಮೂಲಕ ಸಾಗಿ ಮಣಿಕಟ್ಟನ್ನು ತಲಪುತ್ತದೆ. ಬೆರಳಿಗೆ ತಾಗುವ ಆ ಮಿಡಿತವೇ ನಾಡಿ. ಆಡುಮಾತಿನಲ್ಲಿ ಇದನ್ನು ‘ನರ ಬಡಿಯುತ್ತದೆ’ ಎನ್ನುವುದುಂಟು. ಆದರೆ ಬಡಿಯುವುದು ನರವಲ್ಲ, ಅಪಧಮನಿ ಎಂಬುದನ್ನು ಇಲ್ಲಿಯೇ ತಿದ್ದಬೇಕು.

ಬಲ ಹೃತ್ಕರ್ಣದಲ್ಲಿರುವ ಸೈನೋ ಏಟ್ರಿಯಲ್ ಗಂಟು ಹೃದಯದ ಗತಿಯನ್ನು ನಿರ್ಧರಿಸುತ್ತದೆ. ನರಗಳ ನಿಯಂತ್ರಣವಿಲ್ಲದಿದ್ದರೆ ಇದು ನಿಮಿಷಕ್ಕೆ ಸುಮಾರು 100 ಬಾರಿ ಪ್ರಚೋದನೆ ನೀಡುತ್ತದೆ. ವಿಶ್ರಾಂತಿಯಲ್ಲಿರುವಾಗ ವೇಗಸ್ ನರವು ಕಡಿವಾಣದಂತೆ ಅದನ್ನು ಹಿಡಿದು ನಿಧಾನಗೊಳಿಸುತ್ತದೆ. ಓಡಿದಾಗ, ಹೆದರಿದಾಗ ಆ ಕಡಿವಾಣ ಸಡಿಲವಾಗಿ ಬಡಿತ ಏರುತ್ತದೆ. ಎಂದರೆ ಏರಿಳಿತವು ಹೃದಯದ ದೋಷವಲ್ಲ, ಅದರ ಕೆಲಸದ ರೀತಿ.

ವಿಶ್ರಾಂತಿಯಲ್ಲಿ ನಿಮಿಷಕ್ಕೆ ಇರಬಹುದಾದ ಬಡಿತದ ವ್ಯಾಪ್ತಿಯನ್ನು ವಯಸ್ಸಿಗನುಗುಣವಾಗಿ ಹೀಗೆ ಹೇಳಬಹುದು:

1 ತಿಂಗಳೊಳಗಿನ ಶಿಶು: 70ರಿಂದ 190
1ರಿಂದ 11 ತಿಂಗಳು: 80ರಿಂದ 160
1ರಿಂದ 2 ವರ್ಷ: 80ರಿಂದ 130
3ರಿಂದ 4 ವರ್ಷ: 80ರಿಂದ 120
5ರಿಂದ 6 ವರ್ಷ: 75ರಿಂದ 115
7ರಿಂದ 9 ವರ್ಷ: 70ರಿಂದ 110
10 ವರ್ಷ ಮೇಲ್ಪಟ್ಟವರು ಮತ್ತು ವಯಸ್ಕರು: 60ರಿಂದ 100
ಚೆನ್ನಾಗಿ ಪಳಗಿದ ಕ್ರೀಡಾಪಟುಗಳು: 40ರಿಂದ 60

ವೈದ್ಯಕೀಯ ಗ್ರಂಥಗಳಲ್ಲಿ ಈ ಎಲ್ಲೆಗಳು ಅಲ್ಪಸ್ವಲ್ಪ ಭಿನ್ನವಾಗಿರುತ್ತವೆ. 12 ವರ್ಷದೊಳಗಿನವರಲ್ಲಿ 100ಕ್ಕಿಂತ ತುಸು ಹೆಚ್ಚನ್ನು ಒಪ್ಪುವ ಪಟ್ಟಿಗಳೂ ಇವೆ. ಆದ್ದರಿಂದ ಎಲ್ಲೆಯನ್ನು ಬೇಲಿಯೆಂದು ತಿಳಿಯದೆ ಗುರುತಿನ ಕಲ್ಲೆಂದು ತಿಳಿಯಬೇಕು. ಕ್ರೀಡಾಪಟುವಿನ ಹೃದಯವು ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ಹೊರದೂಡುವುದರಿಂದ ಕಡಿಮೆ ಬಡಿತಗಳೇ ಸಾಕಾಗುತ್ತವೆ.

ಮಕ್ಕಳಲ್ಲಿ ಕಾಣುವ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಉಸಿರನ್ನು ಒಳಗೆಳೆದುಕೊಂಡಾಗ ನಾಡಿ ತುಸು ಚುರುಕಾಗಿ, ಹೊರಬಿಟ್ಟಾಗ ತುಸು ನಿಧಾನವಾಗುತ್ತದೆ. ಉಸಿರಾಟದೊಡನೆ ಹೊಂದಿಕೊಂಡು ನಡೆಯುವ ಈ ಏರುಪೇರು ಆರೋಗ್ಯವಂತ ಮಕ್ಕಳಲ್ಲಿಯೂ ಇರುತ್ತದೆ.

ಎಣಿಕೆಯ ಕ್ರಮ

ನಾಡಿಯನ್ನು ನೋಡುವ ಪದ್ಧತಿ ಹಳೆಯದು. ಅದನ್ನು ನಿಮಿಷದ ಲೆಕ್ಕದಲ್ಲಿ ಎಣಿಸುವುದು ಈಚಿನದು. ಶಾರ್ಙ್ಗಧರ ಸಂಹಿತೆಯು ನಾಡಿಯ ನಡೆಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸುತ್ತದೆ. ಇಟಲಿಯ ವೈದ್ಯ ಸ್ಯಾಂಟೋರಿಯೊ 17ನೆಯ ಶತಮಾನದ ಆರಂಭದಲ್ಲಿ ನಾಡಿಯ ವೇಗವನ್ನು ಲೋಲಕದ ನೆರವಿನಿಂದ ಅಳೆದನು. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರವನ್ನು ಕುರಿತು ಗ್ರಂಥ ಪ್ರಕಟಿಸಿದನು. ಅಂದು ವೈದ್ಯರಿಗೂ ಅಪರೂಪವಾಗಿದ್ದ ಸಾಧನವು ಇಂದು ತರಗತಿಯ ಗೋಡೆಯ ಮೇಲೆಯೇ ಇದೆ.

ಚಟುವಟಿಕೆ 1. ವಿದ್ಯಾರ್ಥಿಗಳು ಐದು ನಿಮಿಷ ಮಾತನಾಡದೆ ಕುಳಿತಿರಲಿ. ಆಟದ ಅವಧಿ ಮುಗಿದೊಡನೆ, ಊಟವಾದೊಡನೆ, ಬಿಸಿಲಲ್ಲಿ ನಡೆದು ಬಂದೊಡನೆ ಎಣಿಸಬಾರದು. ಎಡಗೈಯ ಅಂಗೈಯನ್ನು ಮೇಲ್ಮುಖವಾಗಿಟ್ಟು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಬಲಗೈಯ ತೋರುಬೆರಳು ಮತ್ತು ಮಧ್ಯದ ಬೆರಳನ್ನು ಮೆಲ್ಲಗೆ ಒತ್ತಬೇಕು. ಹೆಬ್ಬೆರಳಿನಿಂದ ನೋಡಬಾರದು, ಜೊತೆಗಾರನ ನಾಡಿ ನೋಡುವಾಗ ಹೆಬ್ಬೆರಳಿನಲ್ಲಿರುವ ತನ್ನದೇ ಮಿಡಿತ ಎಣಿಕೆಯಲ್ಲಿ ಬೆರೆಯುತ್ತದೆ. ಮಿಡಿತ ಸಿಗದವರು ಗುಂಡಿಯ ತೂತಿಗೆ ಬೆಂಕಿಕಡ್ಡಿ ಸಿಕ್ಕಿಸಿ ಅದೇ ಜಾಗದಲ್ಲಿ ಇಟ್ಟರೆ, ಕಡ್ಡಿಯ ತುದಿ ಬಡಿತಕ್ಕೊಮ್ಮೆ ಅಲುಗುವುದನ್ನು ಕಾಣಬಹುದು.

ಪೂರ್ಣ ಒಂದು ನಿಮಿಷ ಎಣಿಸುವುದೇ ಉತ್ತಮ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ಮೂರು ಸಲ ಎಣಿಸಿ ಮೂರನ್ನೂ ಬರೆದಿಡಬೇಕು. ಬರೆದ ಸಂಖ್ಯೆಯನ್ನು ಅಳಿಸಬಾರದು ಎಂಬ ನಿಯಮವನ್ನು ಎಣಿಕೆಗೆ ಮೊದಲೇ ತಿಳಿಸತಕ್ಕದ್ದು.

ಚಟುವಟಿಕೆ 2. ಹತ್ತು ವಿದ್ಯಾರ್ಥಿಗಳ ಎಣಿಕೆಗಳನ್ನು ಹೆಸರಿಲ್ಲದೆ ಕಪ್ಪುಹಲಗೆಯ ಮೇಲೆ ಬರೆಯಬೇಕು. ಉದಾಹರಣೆಗೆ ಅವು 78, 82, 84, 86, 87, 89, 90, 92, 94, 98 ಎಂದು ಊಹಿಸೋಣ. ಮೊತ್ತ 880, ಸರಾಸರಿ 88. ಆದರೆ ಹತ್ತು ಮಂದಿಯಲ್ಲಿ ಒಬ್ಬರ ನಾಡಿಯೂ 88 ಇಲ್ಲ. ಸರಾಸರಿ ಎಂಬುದು ಗುಂಪಿನ ಗುಣ, ವ್ಯಕ್ತಿಯ ಗುಣವಲ್ಲ ಎಂಬುದು ಇದರಿಂದ ಮನದಟ್ಟಾಗುತ್ತದೆ. 72 ಎಂಬುದೂ ವಯಸ್ಕರ ಗುಂಪಿಗೆ ಸಂಬಂಧಿಸಿದ ಇಂತಹದೇ ಒಂದು ಸಂಖ್ಯೆ.

ಚಟುವಟಿಕೆ 3. ಒಂದು ವಾರ ಬೆಳಿಗ್ಗೆ ಎದ್ದೊಡನೆ ಹಾಸಿಗೆಯಲ್ಲಿಯೇ ಎಣಿಸಿ ಬರೆದುಕೊಂಡು ಬರಲು ಹೇಳಬೇಕು. ಮನೆಯಲ್ಲಿ ಗಡಿಯಾರವಿಲ್ಲದವರು ಶಾಲೆಯಲ್ಲಿ ಪ್ರಾರ್ಥನೆಗೆ ಮೊದಲು ಐದು ನಿಮಿಷ ಕುಳಿತು ಎಣಿಸಬಹುದು. ವಾರದ ಕೊನೆಗೆ ಪ್ರತಿಯೊಬ್ಬರಿಗೂ ತಮ್ಮದೇ ಆದ ವಾಡಿಕೆಯ ಸಂಖ್ಯೆ ತಿಳಿದಿರುತ್ತದೆ. ಮುಂದೆ ಜ್ವರ ಬಂದಾಗ ಹೋಲಿಸಿ ನೋಡಲು ಇದು ಪುಸ್ತಕದ 72ಕ್ಕಿಂತ ಹೆಚ್ಚು ಉಪಯುಕ್ತ. ದೇಹದ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತವು ನಿಮಿಷಕ್ಕೆ ಸುಮಾರು 10ರಷ್ಟು ಹೆಚ್ಚುತ್ತದೆ.

ವಾಡಿಕೆಯದೆಲ್ಲವೂ ಆರೋಗ್ಯಕರವಲ್ಲ

ಆದವಾನಿ, ಆಲೂರು, ಹೊಳಗುಂದ, ಕೋಸಿಗಿ, ಕೌತಾಳ ಪ್ರದೇಶದ ಶಾಲೆಗಳಲ್ಲಿ ಈ ಪಾಠಕ್ಕೆ ವಿಶೇಷ ಮಹತ್ತ್ವವಿದೆ. ಇಲ್ಲಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ಮೀರುತ್ತದೆ. ಬಿಸಿಲಿನಲ್ಲಿ ದೇಹವನ್ನು ತಂಪಾಗಿಡಲು ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಯುತ್ತದೆ. ಬೆವರಿನಿಂದ ನೀರಿನಂಶ ಕಡಿಮೆಯಾಗುತ್ತದೆ. ಈ ಎರಡು ಕಾರಣಗಳಿಂದ ಹೃದಯ ವೇಗವಾಗಿ ಬಡಿಯುತ್ತದೆ. ಮಧ್ಯಾಹ್ನ ಇಡೀ ತರಗತಿಯ ಎಣಿಕೆ ಮೇಲಿದ್ದರೆ ಮೊದಲು ನೀರು ಕುಡಿಸಿ, ನೆರಳಿನಲ್ಲಿ ಕೂರಿಸಿ, ಮತ್ತೆ ಎಣಿಸಬೇಕು.

ಎರಡನೆಯ ಕಾರಣ ರಕ್ತಹೀನತೆ. ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಬಹಳ ಕಡಿಮೆಯಾದಾಗ ಹೃದಯವು ಹೆಚ್ಚು ಬಾರಿ ಬಡಿದು ಆ ಕೊರತೆಯನ್ನು ತುಂಬಲು ಯತ್ನಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ ಸುಮಾರು 59 ಮಂದಿಗೆ ರಕ್ತಹೀನತೆಯಿದೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿರುವುದರಿಂದ ಅದು ವಾಡಿಕೆಯಾಗಿದೆ, ಆದರೆ ಆರೋಗ್ಯಕರವಲ್ಲ. ‘ಎಲ್ಲರಿಗೂ ಹಾಗೆಯೇ ಇದೆ’ ಎಂಬ ಸಮಾಧಾನ ಇಲ್ಲಿ ಅಪಾಯಕಾರಿ. ಅಲ್ಲದೆ ಸೌಮ್ಯ ರಕ್ತಹೀನತೆಯಲ್ಲಿ ವಿಶ್ರಾಂತಿಯ ನಾಡಿ 60ರಿಂದ 100ರೊಳಗೇ ಇರಬಹುದು. ಆದ್ದರಿಂದ ನಾಡಿ ಸರಿಯಿದೆ ಎಂಬ ಕಾರಣಕ್ಕೆ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡುವಂತಿಲ್ಲ.

ಹತ್ತಿ, ಮೆಣಸಿನಕಾಯಿ ಬಿಡಿಸುವ ಕೆಲಸಕ್ಕಾಗಿ ಗುಂಟೂರು ಕಡೆಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ತಿಂಗಳುಗಟ್ಟಲೆ ಶಾಲೆಯಿಂದ ದೂರವಿರುತ್ತಾರೆ. ಆ ಅವಧಿಯಲ್ಲಿ ಶಾಲೆಯ ಊಟ, ಮಾತ್ರೆ, ಆರೋಗ್ಯ ತಪಾಸಣೆ ಇವೆಲ್ಲವೂ ತಪ್ಪುತ್ತವೆ. ಮರಳಿ ಬಂದ ಮಗುವು ಮೆಟ್ಟಿಲೇರಿದರೆ ಏದುಸಿರು ಬಿಡುತ್ತಿದ್ದರೆ, ಪಾಠದಲ್ಲಿ ಮಂಕಾಗಿ ಕುಳಿತಿದ್ದರೆ ‘ಸೋಮಾರಿ’ ಎನ್ನುವ ಮೊದಲು ನಾಡಿ ಹಿಡಿದು ನೋಡುವುದು, ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿದೆಯೇ ಎಂದು ಗಮನಿಸುವುದು, ಆರೋಗ್ಯ ಕಾರ್ಯಕರ್ತೆಗೆ ತಿಳಿಸುವುದು ಶಿಕ್ಷಕರು ಮಾಡಬಹುದಾದ ಕೆಲಸ.

ಭಾಷೆಯ ಬಗೆಗೆ ಒಂದು ಎಚ್ಚರಿಕೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ ಮತ್ತು ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿನ ಮಕ್ಕಳು ಕನ್ನಡದಲ್ಲಿ ಓದಿ, ಆಸ್ಪತ್ರೆಯಲ್ಲಿ ಹೆಚ್ಚಾಗಿ ತೆಲುಗಿನಲ್ಲಿ ಉತ್ತರಿಸುತ್ತ ಬಂದಿದ್ದಾರೆ. ‘ನಾಡಿ’ ಎಂಬ ಪದ ಎರಡು ಭಾಷೆಗಳಲ್ಲಿಯೂ ಒಂದೇ. ಕನ್ನಡದ ‘ಗುಂಡಿಗೆ’ಗೆ ತೆಲುಗಿನಲ್ಲಿ ‘ಗುಂಡೆ’. ಎದೆ ಡವಗುಟ್ಟುವುದಕ್ಕೆ ‘ಗುಂಡೆ ದಡ’. ನಮ್ಮ ‘ಅಪಧಮನಿ’, ‘ಅಭಿಧಮನಿ’ಗಳನ್ನು ತೆಲುಗು ಪಾಠಗಳು ‘ಧಮನಿ’, ‘ಸಿರ’ ಎನ್ನುತ್ತವೆ. ಆದರೆ ‘ಆಯಾಸ’ದ ವಿಷಯದಲ್ಲಿ ಜಾಗರೂಕತೆ ಬೇಕು. ಕನ್ನಡದಲ್ಲಿ ಅದು ದಣಿವು. ತೆಲುಗಿನ ‘ಆಯಾಸಂ’ ಮುಖ್ಯವಾಗಿ ಏದುಸಿರನ್ನು ಸೂಚಿಸುತ್ತದೆ. ಬರಿಯ ದಣಿವಿರುವ ಮಗು ‘ಆಯಾಸ’ ಎಂದರೆ ವೈದ್ಯರು ಉಸಿರಾಟದ ತೊಂದರೆಯೆಂದು ತಿಳಿಯಬಹುದು. ದಣಿವೋ ಏದುಸಿರೋ ಎಂಬುದನ್ನು ಬಿಡಿಸಿ ಹೇಳುವ ಅಭ್ಯಾಸವನ್ನು ಎರಡೂ ಭಾಷೆಗಳಲ್ಲಿ ಮಾಡಿಸುವುದು ಅಗತ್ಯ.

ಶಿಕ್ಷಕರ ಗಮನಕ್ಕೆ

ಶಿಕ್ಷಕರು ರೋಗನಿರ್ಣಯ ಮಾಡಬೇಕಾಗಿಲ್ಲ. ಒಮ್ಮೆ 104 ಬಂತೆಂದು ಗಾಬರಿಯಾಗಬಾರದು. ಭಯ, ಜ್ವರ, ಬಾಯಾರಿಕೆ, ಆಗತಾನೆ ಕುಡಿದ ಚಹ ಇವು ಕಾರಣವಾಗಿರಬಹುದು. ಮರುದಿನ ವಿಶ್ರಾಂತಿಯ ನಂತರ ಮತ್ತೆ ಎಣಿಸಬೇಕು. ಈ ಕೆಳಗಿನ ಸಂದರ್ಭಗಳಲ್ಲಿ ಪೋಷಕರಿಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸತಕ್ಕದ್ದು:

1. ಬೇರೆ ಬೇರೆ ದಿನಗಳಲ್ಲಿಯೂ ವಿಶ್ರಾಂತಿಯ ನಾಡಿ ವಯಸ್ಸಿನ ಮೇಲೆಲ್ಲೆಯನ್ನು ಮೀರಿದ್ದರೆ.
2. ನಾಡಿ 60ಕ್ಕಿಂತ ಕಡಿಮೆಯಿದ್ದು ತಲೆಸುತ್ತು ಅಥವಾ ನಿತ್ರಾಣವಿದ್ದರೆ.
3. ಉಸಿರಾಟಕ್ಕೆ ಸಂಬಂಧವಿಲ್ಲದಂತೆ ಬಡಿತಗಳು ತಪ್ಪುತ್ತಿದ್ದರೆ.
4. ಆಟವಾಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ, ತುಟಿ ನೀಲಿಯಾದರೆ. ಆಗ ಸಂಖ್ಯೆಗಾಗಿ ಕಾಯದೆ 108ಕ್ಕೆ ಕರೆ ಮಾಡಬೇಕು. ವೈದ್ಯರು ನೋಡುವವರೆಗೆ ಆ ಮಗುವನ್ನು ಓಟಕ್ಕೆ ಬಿಡಬಾರದು.

ಯಾವ ಮಗುವಿನ ಸಂಖ್ಯೆಯನ್ನೂ ಹೆಸರು ಹಿಡಿದು ತರಗತಿಯಲ್ಲಿ ಓದಬಾರದು.

ಮೌಲ್ಯಮಾಪನ

1. ವಯಸ್ಕನ ಹೃದಯ ನಿಮಿಷಕ್ಕೆ 72 ಬಾರಿ ಬಡಿದರೆ ದಿನಕ್ಕೆ ಎಷ್ಟು ಬಾರಿ? (ಉತ್ತರ: 1,03,680)
2. 30 ಸೆಕೆಂಡು ಎಣಿಸಿ ದ್ವಿಗುಣಗೊಳಿಸಿದಾಗ ಒಂದು ಬಡಿತ ಬಿಟ್ಟುಹೋಗಿದ್ದರೆ ನಿಮಿಷದ ಲೆಕ್ಕದಲ್ಲಿ ಎಷ್ಟು ತಪ್ಪು? (ಉತ್ತರ: 2)
3. 13 ವರ್ಷದ ವಿದ್ಯಾರ್ಥಿನಿಯ ವಿಶ್ರಾಂತಿಯ ನಾಡಿ 92. ಇದು ಸರಾಸರಿಯೇ, ವಾಡಿಕೆಯೇ, ಆರೋಗ್ಯಕರವೇ? ಉತ್ತರಿಸಲು ಇನ್ನೂ ಏನೇನು ತಿಳಿಯಬೇಕು?
4. ನಿಮ್ಮ ಒಂದು ವಾರದ ಎಣಿಕೆಯ ಪಟ್ಟಿಯನ್ನು ಲಗತ್ತಿಸಿ, ಏರಿಳಿತಕ್ಕೆ ಕಾರಣಗಳನ್ನು ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಅಂಕ ನೀಡುವಾಗ ಸಂಖ್ಯೆ 72ಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಪರಿಗಣಿಸಬಾರದು. ಎಣಿಕೆಯ ಸಮಯ, ಆಗಿನ ದೇಹಸ್ಥಿತಿ ಮತ್ತು ಮೂರು ಸಲದ ಎಣಿಕೆಗಳು ಅಳಿಸದೆ ದಾಖಲಾಗಿದ್ದರೆ ಪೂರ್ಣ ಅಂಕ ನೀಡಬೇಕು.