ಮೊದಲು ನಿಲ್ಲೋದು ಕಲಿ

ಹೊಸ ರೋಡ್ ಬೈಕ್ ತಂದಿದ್ದೀಯ ಅಂತ ಕೇಳಿ ಖುಷಿಯಾಯ್ತು ಮಗಾ. ಮೋಟಾರು ಬೈಕಿಗೆ ಸಾಲ ಮಾಡೋ ವಯಸ್ಸಿನಲ್ಲಿ ತುಳಿಯೋ ಗಾಡಿಗೆ ದುಡ್ಡು ಕೂಡಿಟ್ಟೆಯಲ್ಲ, ಆ ಬುದ್ಧಿಗೆ ನನ್ನ ಪೂರ್ತಿ ಆಶೀರ್ವಾದ ಇದೆ. ಆದರೆ ತಂದ ವಾರದಲ್ಲೇ ಮಿಡಿಗೇಶಿಯಿಂದ ಪಾವಗಡಕ್ಕೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರ್ತೀನಿ ಅಂತ ಗೆಳೆಯರ ಹತ್ತಿರ ಪಣ ಕಟ್ಟಿದ್ದೀಯಂತೆ. ಹಾಗಾದರೆ ಆಶೀರ್ವಾದದ ಜೊತೆ ನಾಲ್ಕು ಮಾತೂ ಸೇರಿಸಬೇಕು. ಹೆಲ್ಮೆಟ್ ಕೆಳಗಿಡು, ಕೂತ್ಕೊ.

‘ನನಗೇನು ಸೈಕಲ್ ಹೊಸದಾ?’ ಅಂತ ನೀನು ಕೇಳ್ತೀಯ, ಗೊತ್ತು. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತಲ್ಲ, ಆ ಸೈಕಲ್ ಮೇಲೇ ನೀನು ಹೈಸ್ಕೂಲು ಮುಗಿಸಿದ್ದು. ನಿಮ್ಮಪ್ಪ ಗಂಟೆ ಬಾಡಿಗೆಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತ. ನಿಮ್ಮ ತಾತನ ಕಾಲದಲ್ಲಿ ಹರ್ಕ್ಯುಲಿಸ್ ಇದ್ದವನೇ ದೊಡ್ಡ ಮನುಷ್ಯ. ಮದ್ರಾಸಿನಲ್ಲಿ 1949ರಲ್ಲಿ ಹುಟ್ಟಿದ ಟಿ.ಐ. ಸೈಕಲ್ಸ್ ಕಂಪನಿಯ ಗಾಡಿ ಅದು. ಕಬ್ಬಿಣದ ಮೈ, ಒಂದೂವರೆ ಇಂಚಿನ ಟೈರು, ನೆಟ್ಟಗೆ ಕೂರೋ ಸೀಟು. ಮೇಲೆ ರಾಗಿ ಮೂಟೆ ಹೇರಿದರೂ ಅದು ಹೊರುತ್ತಿತ್ತು. ಗುಂಡಿಗೆ ಇಳಿಸಿದರೂ ಎದ್ದು ಬರುತ್ತಿತ್ತು. ನೀನು ಮಾಡೋ ತಪ್ಪನ್ನೆಲ್ಲ ತಾನೇ ನುಂಗಿಕೊಳ್ಳೋ ಗಾಡಿ.

ಇದು ನುಂಗೋ ಗಾಡಿ ಅಲ್ಲ ಕಣಪ್ಪ. ಅದರ ಅರ್ಧದಷ್ಟೂ ಭಾರ ಇಲ್ಲ. ಟೈರಿನ ಅಗಲ 25, ಹೆಚ್ಚೆಂದರೆ 28 ಮಿಲಿಮೀಟರ್. ಹ್ಯಾಂಡಲ್ ಕೆಳಕ್ಕೆ ಬಾಗಿದೆ, ನೀನೂ ಬಾಗಿದ್ದೀಯ. ಕಣ್ಣು ಮುಂದಿನ ಚಕ್ರದ ಮೇಲೆ, ಮನಸ್ಸು ಪಾವಗಡದ ಮೇಲೆ. ಹೊಸ ಹೋರಿಗೆ ನೊಗ ಕಟ್ಟಿದ ದಿನವೇ ಯಾರಾದರೂ ತುಂಬಿದ ಗಾಡಿ ಹೂಡಿ ಸಂತೆಗೆ ಹೊಡೀತಾರಾ? ಅದನ್ನು ಮೊದಲು ಹೊಲದ ಬದುವಿನಲ್ಲಿ ನಡೆಸಿ, ನಿಲ್ಲು ಅಂದರೆ ನಿಲ್ಲೋದನ್ನು ಕಲಿಸ್ತಾರೆ. ನಾನು ಹೇಳೋದೂ ಅಷ್ಟೇ. ಓಡಿಸೋದು ನಿನಗೆ ತಾನಾಗಿ ಬರುತ್ತೆ. ಕಾಲಲ್ಲಿ ಕಸುವಿದೆ, ವಯಸ್ಸಿದೆ. ನಿಲ್ಲೋದು ಮಾತ್ರ ತಾನಾಗಿ ಬರೋದಿಲ್ಲ, ಅದನ್ನು ಕೂತು ಕಲೀಬೇಕು.

ಸೀಟಿನಿಂದ ಶುರು ಮಾಡೋಣ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಲಿ ಅಂತ ನೀನು ಸೀಟು ಇಳಿಸಿಕೊಂಡಿದ್ದೀಯ. ನೋಡಿದ ತಕ್ಷಣ ಗೊತ್ತಾಯ್ತು. ಹೀಗೆ ತುಳಿದರೆ ಮೂರು ತಿಂಗಳಲ್ಲಿ ಮೊಣಕಾಲು ಮಾತಾಡೋಕೆ ಶುರು ಮಾಡುತ್ತೆ. ಗೋಡೆಗೆ ಒರಗಿ ಕೂತು, ಪೆಡಲ್ ತೀರಾ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡು. ಆಗ ಕಾಲು ನೆಟ್ಟಗಾಗಬೇಕು. ಸೀಟಿನ ಎತ್ತರ ಅದೇ. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲು ಬೇಕಾದಷ್ಟೇ ಮಡಚಿಕೊಳ್ಳುತ್ತೆ. ‘ಹಾಗಿದ್ದರೆ ನಿಲ್ಲುವಾಗ ಕಾಲು ನೆಲಕ್ಕೆ ಎಟುಕೋದಿಲ್ಲವಲ್ಲ?’ ಅಂತೀಯ. ಎಟುಕಬಾರದು. ಬ್ರೇಕ್ ಹಿಡಿದು, ಸೀಟಿನಿಂದ ಮುಂದಕ್ಕೆ ಜಾರಿ, ಬಾರಿನ ಮೇಲ್ಗಡೆ ನಿಂತು ಒಂದು ಕಾಲು ಊರಬೇಕು. ಹಾಗೆ ಇಳಿಯೋ ಅಭ್ಯಾಸ ಮೈಗೆ ಹತ್ತೋವರೆಗೂ ಊರು ದಾಟಬೇಡ.

ಇನ್ನು ಬ್ರೇಕು. ಯಾವ ಕೈಯದು ಮುಂದಿನ ಚಕ್ರದ್ದು ಅಂತ ಮೊದಲು ತಿಳ್ಕೊ. ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳ್ತೀವಿ ಅಂತ ಹೆದರಿ ಬರೀ ಹಿಂದಿನದನ್ನೇ ಅದುಮೋದು ಹಳ್ಳಿ ಹುಡುಗರ ಚಾಳಿ. ಗಾಡಿಯನ್ನು ನಿಜವಾಗಿ ನಿಲ್ಲಿಸೋದು ಮುಂದಿನದೇ. ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ನುಗ್ಗುತ್ತೆ, ಹಿಂದಿನ ಚಕ್ರ ಹಗುರಾಗಿ ಜಾರುತ್ತೆ. ಅದಕ್ಕೆ ಎರಡನ್ನೂ ಒಟ್ಟಿಗೆ ಹಿಡಿ, ಮೆಲ್ಲಗೆ ಶುರು ಮಾಡಿ ಬಿಗಿ ಹೆಚ್ಚಿಸು, ಸೊಂಟವನ್ನು ಹಿಂದಕ್ಕೆ ತಗೋ, ಕೈಯನ್ನು ಗಟ್ಟಿ ಮಾಡು. ಬೆಳಗ್ಗೆ ಜನ ಇಲ್ಲದ ಟಾರು ರಸ್ತೆಯಲ್ಲಿ ಸುಣ್ಣದ ಗೆರೆ ಎಳೆದು, ಗೆರೆ ಮುಟ್ಟೋ ಮುಂಚೆ ನಿಲ್ಲೋದನ್ನು ಅಭ್ಯಾಸ ಮಾಡು. ನೋಡಿದವರು ನಗಬಹುದು, ನಗಲಿ. ಕುರಿಮಂದೆ ಅಡ್ಡ ಬಂದ ದಿನ ಆ ಗೆರೆ ನಿನ್ನನ್ನು ಕಾಯುತ್ತೆ.

ಶೂ ಕಚ್ಚಿಕೊಳ್ಳೋ ಪೆಡಲ್ ಹಾಕಿಸ್ಕೊಳ್ತೀನಿ ಅಂತಿದ್ದೀಯ. ಈಗ ಬೇಡ. ಚಪ್ಪಟೆ ಪೆಡಲಿನಲ್ಲೇ ನಾಲ್ಕು ತಿಂಗಳು ತುಳಿ. ಕಾಲು ಪೆಡಲಿಗೆ ಅಂಟಿಕೊಂಡಿರೋವಾಗ ನಿಲ್ಲೋ ಯೋಚನೆ ಮೊದಲೇ ಬರಬೇಕು, ಹಿಮ್ಮಡಿ ಹೊರಕ್ಕೆ ತಿರುಗಿಸಿ ಬಿಡಿಸಿಕೊಳ್ಳಬೇಕು. ಆ ಮುಂದಾಲೋಚನೆ ನಿನ್ನಲ್ಲಿ ಇನ್ನೂ ಬೆಳೀತಾ ಇದೆ. ಗೇರಿನ ಮಾತೂ ಇದೇ. ನಿಲ್ಲೋ ಮುಂಚೆ ಹಗುರಾದ ಗೇರಿಗೆ ಬಾ. ಏರು ಹತ್ತೋ ಮುಂಚೆ ಬದಲಾಯಿಸು, ಏರಿನ ನಡುವೆ ಚೈನ್ ಕಿರುಗುಟ್ಟುವಾಗ ಅಲ್ಲ. ಭಾರದ ಗೇರು ಹಾಕಿ ಒದ್ದಾಡೋದು ಶೌರ್ಯ ಅಲ್ಲ. ಹಗುರಾಗಿ, ಜಾಸ್ತಿ ಸುತ್ತು ತಿರುಗಿಸು. ನಿಮಿಷಕ್ಕೆ 80 ಸುತ್ತಿನ ಆಸುಪಾಸು ಬಂದರೆ ನಿನ್ನ ಮಂಡಿ ನಿನ್ನನ್ನು ಹರಸುತ್ತೆ.

ಮೈ ಬಗ್ಗೆ ಒಂದು ಮಾತು. ಮೊದಲ ವಾರಗಳಲ್ಲಿ ಕುಂಡಿ ನೋಯುತ್ತೆ, ಕತ್ತು ಹಿಡಿಯುತ್ತೆ. ಅದು ಸಹಜ, ಕೂರೋ ಮೂಳೆ ಹೊಂದಿಕೊಳ್ಳಬೇಕು. ದಪ್ಪ ಸ್ಪಂಜಿನ ಸೀಟ್ ಕವರ್ ಕೊಳ್ಳಬೇಡ, ಮೆತ್ತೆ ಇರೋ ಒಳ್ಳೆ ಚಡ್ಡಿ ಕೊಳ್ಳು. ಆದರೆ ಬೆರಳು ಜೋಮು ಹಿಡಿದರೆ, ಮೊಣಕಾಲಿನಲ್ಲಿ ಚುಚ್ಚಿದರೆ, ಅದನ್ನು ಸಹಿಸೋದರಲ್ಲಿ ಏನೂ ಹೆಚ್ಚುಗಾರಿಕೆ ಇಲ್ಲ. ಇಳಿದು ಕೈ ಒದರಿ, ಅಳತೆ ಎಲ್ಲಿ ತಪ್ಪಿದೆ ಅಂತ ನೋಡು. ಮೈ ಕೂಗಿ ಹೇಳೋ ಮುಂಚೆ ಪಿಸುಗುಟ್ಟುತ್ತೆ. ನೀನು ಕೇಳಿಸ್ಕೊಬೇಕು.

ಈಗ ನಮ್ಮ ದಾರಿ. ಬೆಂಗಳೂರಿನ ಹುಡುಗರು ಹೇಳೋ ರಸ್ತೆಯೇ ಬೇರೆ, ನಮ್ಮದೇ ಬೇರೆ. ಇಲ್ಲಿ ನಿನ್ನ ಮೊದಲ ಶತ್ರು ಬಳ್ಳಾರಿ ಜಾಲಿ ಮುಳ್ಳು. ಪಾವಗಡದ ಕಡೆ ಬೇಲಿ ಕಡಿದ ದಿನ ರಸ್ತೆ ಅಂಚಿಗೆ ಇಳಿದೆಯೋ, ಕೆಟ್ಟೆ. ಪಂಕ್ಚರ್ ಆದರೆ ಟ್ಯೂಬ್ ಬದಲಾಯಿಸಿ ಹೊರಟುಬಿಡಬೇಡ. ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳು ಆಡಿಸಿ ಮುಳ್ಳಿನ ತುದಿ ಹುಡುಕಿ ಕೀಳು. ಇಲ್ಲದಿದ್ದರೆ ಹೊಸ ಟ್ಯೂಬೂ ಫರ್ಲಾಂಗಿನಲ್ಲಿ ಹೋಗುತ್ತೆ. ನಿನ್ನ ಗಾಡಿಗೆ ಬಂದಿರೋದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್. ಊರ ಸೈಕಲ್ ಶಾಪಿನ ಪಂಪು ಅದಕ್ಕೆ ಕೂರೋದಿಲ್ಲ. ಒಂದು ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ, ಎರಡು ಟ್ಯೂಬ್, ಟೈರ್ ಲಿವರ್, ಕೈಪಂಪು ಜೊತೆಗಿರಲಿ. ಟೈರಿನ ಮಗ್ಗುಲಲ್ಲಿ ಬರೆದಿರೋ ಗಾಳಿಯ ಲೆಕ್ಕ ಮಿತಿ, ಅಪ್ಪಣೆ ಅಲ್ಲ. ನಿನ್ನಂಥ ಸಣಕಲನಿಗೆ 28ರ ಟೈರಿನಲ್ಲಿ 70-80 ಪಿಎಸ್‌ಐ ಇದ್ದರೆ ನಮ್ಮ ರಸ್ತೆಗೆ ಸಾಕು. ಕಲ್ಲಾಗೋ ಹಾಗೆ ಹೊಡೆಸಿದರೆ ಗಾಡಿ ಕುಣಿಯುತ್ತೆ, ಹಿಡಿತ ತಪ್ಪುತ್ತೆ.

ಎರಡನೆಯದು ಒಕ್ಕಣೆ. ರಾಗಿ, ಹುರುಳಿ ಕೊಯ್ಲಾದ ಮೇಲೆ ಸಂಕ್ರಾಂತಿವರೆಗೂ ನಮ್ಮ ಕಡೆ ಟಾರು ರಸ್ತೆಯೇ ಕಣ. ಬಸ್ಸು, ಲಾರಿ ಓಡಾಡಿ ತೆನೆ ಉದುರಲಿ ಅಂತ ಹರಡಿರ್ತಾರೆ. ಅದು ಅಪಾಯ ಹೌದು, ಹಾಗೆ ಹರಡಬಾರದು ಅನ್ನೋದೂ ಹೌದು. ಆದರೆ ಕಣಕ್ಕೆ ಜಾಗ ಇಲ್ಲದ, ಆಳಿಗೆ ಕೂಲಿ ಕೊಡೋಕಾಗದ ರೈತನಿಗೆ ಅದು ವರ್ಷದ ಊಟ. ಹುಲ್ಲಿನ ಮೇಲೆ ನಿನ್ನ ಸಣ್ಣ ಟೈರು ಹೋದರೆ ಜಾರುತ್ತೆ. ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡರೆ ಡಿರೈಲರೇ ಕಿತ್ತು ಬರುತ್ತೆ. ಇಳಿ. ಗಾಡಿ ತಳ್ಕೊಂಡು ಬದಿಯಲ್ಲಿ ನಡಿ. ‘ಎಷ್ಟು ಮೂಟೆ ಆಯ್ತಜ್ಜಿ?’ ಅಂತ ಒಂದು ಮಾತು ಕೇಳು. ಬೈದು ಹೋದವನನ್ನು ಯಾರೂ ನೆನಪಿಡೋದಿಲ್ಲ. ಕೇಳಿ ಹೋದವನಿಗೆ ವಾಪಸ್ ಬರುವಾಗ ಮಜ್ಜಿಗೆ ಸಿಗುತ್ತೆ.

ಮೂರನೆಯದು ಗಾಳಿ. ಆಷಾಢದಲ್ಲಿ ಪಡುವಣ ತೆಂಕಣದಿಂದ ಬೀಸುತ್ತೆ. ಪಾವಗಡ ಇರೋದು ನಮಗೆ ಉತ್ತರಕ್ಕೆ. ಹೋಗುವಾಗ ಬೆನ್ನಿಗೆ ಗಾಳಿ, ಗಾಡಿ ತಾನಾಗಿ ಹಾರಿದ ಹಾಗಿರುತ್ತೆ, ‘ನಾನೆಷ್ಟು ಗಟ್ಟಿ’ ಅನ್ನಿಸುತ್ತೆ. ವಾಪಸ್ ತಿರುಗಿದಾಗ ಅದೇ ಗಾಳಿ ಎದೆಗೆ. ನೆರಳಿಲ್ಲದ ಬಯಲು, ಬಾಟಲಿ ಖಾಲಿ. ಅದಕ್ಕೇ ಹೇಳೋದು, ದಣಿವಾದ ಮೇಲೆ ತಿರುಗಬೇಡ, ದಣಿಯೋ ಮುಂಚೆ ತಿರುಗು. ಮಾರ್ಚಿಂದ ಮೇ ತನಕ ಬೆಳಕು ಹರಿಯೋ ಹೊತ್ತಿಗೆ ಹೊರಟು ಒಂಬತ್ತರೊಳಗೆ ಮನೆ ಸೇರು. ಎರಡು ಬಾಟಲಿ ನೀರು, ಒಂದಕ್ಕೆ ನಿಂಬೆಹಣ್ಣು, ಉಪ್ಪು. ಜೇಬಿನಲ್ಲಿ ಹುರಿದ ಕಡಲೆಕಾಯಿ, ಬೆಲ್ಲ. ಬಣ್ಣದ ಕಾಗದದ ಎನರ್ಜಿ ಬಾರ್ ಬೇಕಾದರೆ ತಿನ್ನು. ಆದರೆ ನಿನ್ನ ಸುತ್ತ ಬೆಳೆಯೋದೇ ಅದರೊಳಗೂ ಇರೋದು.

ಅಂದಹಾಗೆ, ಆ ಪಣ ವಾಪಸ್ ತಗೋ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಮೊದಲ ತಿಂಗಳು ಮಧುಗಿರಿಗೆ ಹೋಗಿ ಬಾ. ಹೋಗಿಬರೋಕೆ ನಲವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿ 3,930 ಅಡಿ ಎತ್ತರದ ಏಕಶಿಲಾ ಬೆಟ್ಟದ ಎದುರು ಇಳಿದು ಒಂದು ಎಳನೀರು ಕುಡಿ. ಆಮೇಲೆ ಕೊರಟಗೆರೆ. ಸಿದ್ಧರಬೆಟ್ಟದ ಕಡೆಯ ಏರು ನಿನಗೆ ಗೇರು ಕಲಿಸುತ್ತೆ. ಶಿರಾ ಕಡೆ ಹೋಗೋದಾದರೆ ಹೆದ್ದಾರಿ ಬಿಟ್ಟು ಹಳ್ಳಿ ದಾರಿ ಹಿಡಿ. ಕಗ್ಗಲಡುವಿನ ಹುಣಸೆಮರಗಳ ಮೇಲೆ ಗೂಡು ಕಟ್ಟೋ ಬಣ್ಣದ ಕೊಕ್ಕರೆಗಳನ್ನು ನೋಡು. ಮೈದನಹಳ್ಳಿಯಲ್ಲಿ ಕೃಷ್ಣಮೃಗ ನೋಡೋ ಆಸೆಯಾದರೆ ಮಣ್ಣುದಾರಿಯಲ್ಲಿ ಈ ಗಾಡಿ ಬೇಡ, ಇಳಿದು ನಡಿ. ಪಾವಗಡ ಚಳಿಗಾಲಕ್ಕಿರಲಿ. ತಿರುಮಣಿ ಸುತ್ತ 13,000 ಎಕರೆಯ ಸೋಲಾರ್ ಪಾರ್ಕು, ಶನಿಮಹಾತ್ಮನ ಗುಡಿ, ಎರಡೂ ಎಲ್ಲಿಗೂ ಓಡಿಹೋಗೋದಿಲ್ಲ.

ಮೊಬೈಲಿನಲ್ಲಿ ಯಾರೋ ನಂದಿಬೆಟ್ಟ ಹತ್ತಿದ ಹೊತ್ತು ನೋಡಿ ಹೊಟ್ಟೆ ಉರ್ಕೊಳ್ತೀಯಲ್ಲ, ಅದನ್ನೂ ನಿಲ್ಲಿಸು. ಫ್ರಾನ್ಸಿನಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅಂತ 1891ರಲ್ಲಿ ಶುರುವಾದ ಸವಾರಿ ಇದೆ. ಸುಮಾರು 1,200 ಕಿಲೋಮೀಟರ್, 90 ಗಂಟೆಯ ಗಡುವು. ಅದಕ್ಕೆ ದಾರಿ ಮಾಡೋ ಬ್ರೆವೆ ಸವಾರಿಗಳು ಬೆಂಗಳೂರಿನಲ್ಲೂ ನಡೆಯುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡ್ತಾರೆ. ಗಂಟೆಗೆ ಸುಮಾರು ಹದಿನೈದು ಕಿಲೋಮೀಟರು, ಊಟ ವಿಶ್ರಾಂತಿ ಎಲ್ಲ ಸೇರಿ. ಅಲ್ಲಿ ಮೊದಲು ಬಂದವನಿಗೆ ಬಹುಮಾನ ಇಲ್ಲ. ಗಡುವಿನೊಳಗೆ ಬಂದವರೆಲ್ಲ ಒಂದೇ. ಎಲ್ಲಿ ನಿಲ್ಲಬೇಕು, ಎಷ್ಟು ತಿನ್ನಬೇಕು, ಯಾವಾಗ ಮಲಗಬೇಕು ಅಂತ ಗೊತ್ತಿದ್ದವನು ಅದನ್ನು ಮುಗಿಸ್ತಾನೆ. ಬರೀ ಓಡೋದು ಗೊತ್ತಿದ್ದವನು ಅರ್ಧ ದಾರಿಯಲ್ಲಿ ಬಸ್ಸು ಹತ್ತುತ್ತಾನೆ. ಆ ಸವಾರಿಗೆ ನೀನು ಒಂದು ದಿನ ಹೋಗೇ ಹೋಗ್ತೀಯ ಅನ್ನೋ ನಂಬಿಕೆ ನನಗಿದೆ. ಅದಕ್ಕೇ ಇಷ್ಟು ಗದರಿಸ್ತಿರೋದು.

ಮನೆಗೆ ಬಂದ ಮೇಲೆ ಗಾಡಿ ಗೋಡೆಗೆ ಎಸೆದು ಮಲಗಬೇಡ. ಚೈನನ್ನು ಹಳೇ ಬಟ್ಟೆಯಲ್ಲಿ ಒರೆಸಿ ಒಂದೊಂದು ಕೊಂಡಿಗೆ ಒಂದೊಂದು ಹನಿ ಚೈನ್ ಎಣ್ಣೆ ಬಿಡು, ಮಿಕ್ಕಿದ್ದನ್ನು ಒರೆಸಿಬಿಡು. ನಮ್ಮ ಧೂಳಿಗೆ ಜಿಡ್ಡು ಕಂಡರೆ ಬಲು ಪ್ರೀತಿ. ಬ್ರೇಕಿಗೆ ಎಣ್ಣೆ ಮುಟ್ಟಿಸಬೇಡ. ಟೈರಿಗೆ ಅಂಟಿದ ಗಾಜು, ಮುಳ್ಳು ನೋಡು. ಕತ್ತಲಾಗೋ ಮುಂಚೆ ಬರ್ತೀನಿ ಅಂದರೂ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲಿ. ಕಬ್ಬೋ ಹುಲ್ಲೋ ಹೇರಿದ ಟ್ರ್ಯಾಕ್ಟರಿನ ಹಿಂದೆ ಅಂಟಿಕೊಂಡು ಹೋಗೋ ಹುಡುಗಾಟ ಎಂದಿಗೂ ಬೇಡ. ಮನೆಯಿಂದ ಹೊರಡುವಾಗ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಅಮ್ಮನಿಗೆ ಹೇಳಿ ಹೋಗು.

ಕೊನೆಗೊಂದು ಮಾತು. ನೀನು ಬೀದಿಗೆ ಬಂದರೆ ಸ್ಕೂಲು ಹುಡುಗರೆಲ್ಲ ಹಿಂದೆ ಓಡಿ ಬರ್ತಾರೆ. ‘ಅಣ್ಣ, ಎಷ್ಟು ಗೇರು? ಎಷ್ಟು ರೇಟು?’ ಅಂತಾರೆ. ರೇಟು ಹೇಳಿ ಬೀಗಬೇಡ, ಗೇರು ತೋರಿಸು. ಆ ಹುಡುಗರ ಸೈಕಲ್ಲಿಗೆ ಬ್ರೇಕ್ ಕಟ್ಟೆ ಸವೆದಿರುತ್ತೆ, ಹಿಂದೆ ರಿಫ್ಲೆಕ್ಟರ್ ಇರೋದಿಲ್ಲ. ಒಂದು ಭಾನುವಾರ ಕೂತು ಅವನ್ನು ಸರಿ ಮಾಡಿಕೊಡು, ಪಂಕ್ಚರ್ ಹಾಕೋದು ಕಲಿಸು. ನೀನು ಎಷ್ಟು ಜೋರಾಗಿ ಹೋಗ್ತೀಯೋ ಅಷ್ಟು ಜೋರಾಗಿ ಹೋಗೋಕೆ ಅವರೂ ನೋಡ್ತಾರೆ. ನೀನು ಗೆರೆಯ ಹತ್ತಿರ ನಿಂತರೆ ಅವರೂ ನಿಲ್ಲೋದು ಕಲೀತಾರೆ. ಆ ಜವಾಬ್ದಾರಿ ನಿನ್ನ ಗಾಡಿಯ ಜೊತೆಗೇ ಬಂದಿದೆ, ಹೊತ್ಕೊ.